ಗಾಳಿ ಕೇಳುತ್ತಿದ್ದ ಸಾಹೇಬರು

ಈಗ ನನ್ನನ್ನು ಯಾರೂ ಗಾಳಿ ಕೇಳುವುದಿಲ್ಲ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಗ್ಯಾಲರಿಯಲ್ಲಿ ನಿಂತು ಎದುರಿನ ವರ್ಕ್‌ಶಾಪಿನ ತಗಡಿನ ಮೇಲೆ ಹಾರುವ ಪ್ಲಾಸ್ಟಿಕ್ ಚೀಲ ನೋಡುತ್ತ, "ಎಡಕ ಐತಿ" ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿದ ಮೇಲೆ ನಾಚಿಕೆಯೂ ಆಗುತ್ತದೆ. ಪಕ್ಕದ ಮನೆಯ ಕಾಕು ಒಮ್ಮೆ ಕೇಳಿಸಿಕೊಂಡು, ಮುದುಕ ಯಾರ ಜೊತೆ ಮಾತಾಡುತ್ತಾನೆ ಎಂದು ತನ್ನ ಸೊಸೆಯನ್ನು ಕೇಳಿದ್ದಳಂತೆ.

ನಾನು ಕ್ಯಾಡಿ ಆಗಿದ್ದೆ. ಗಾಲ್ಫ್ ಆಡುವವರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವವನು ಕ್ಯಾಡಿ. ಇಂಡಿ ತಾಲ್ಲೂಕಿನಿಂದ ಈ ಊರಿಗೆ ಬಂದು, ಹಗಲು ಚೀಲ ಹೊತ್ತು, ಸಂಜೆ ಕನ್ನಡದ ರಾತ್ರಿ ಶಾಲೆಯಲ್ಲಿ ಕೂತು ಓದು ಬರಹ ಕಲಿತವನು. ಕ್ಲಬ್ಬಿನ ಹೆಸರು ಬೇಡ. ಇವತ್ತಿಗೂ ನಮ್ಮ ಕಡೆಯವರು ಆ ಕೆಲಸಕ್ಕೆ ಹೊಸದಾಗಿ ಸೇರುತ್ತಿದ್ದಾರೆ. ಅವರಿಗೆ ಚೀಲ ಎತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ, ಬೆನ್ನೇ ಕಲಿಸುತ್ತದೆ. ಗಾಳಿಯನ್ನು ಮಾತ್ರ ಕಲಿಯಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಲ್ಲು ಹಾರಿಸುವ ಹುಚ್ಚು ಬಿಡಿ. ಒಂದು ಚಿಟಿಕೆ ಹುಲ್ಲು ಕಿತ್ತು ಮೇಲಿನಿಂದ ಬಿಟ್ಟರೆ ನೋಡುವವರಿಗೆ ಇವನು ಭಾರೀ ಜಾಣ ಅನ್ನಿಸುತ್ತದೆ. ಆದರೆ ಹುಲ್ಲು ಹೇಳುವುದು ನಿಮ್ಮ ಎದೆಮಟ್ಟದ ಗಾಳಿಯನ್ನು. ಚೆಂಡು ಹಾರುವುದು ಮಾವಿನ ಮರದ ತುದಿಗಿಂತ ಮೇಲೆ. ಆದ್ದರಿಂದ ಮರದ ತುದಿ ನೋಡಿ, ದೂರದಲ್ಲಿ ಚೆಂಡು ಬೀಳಬೇಕಾದ ಕುಳಿಯ ಬಾವುಟ ನೋಡಿ, ಆಮೇಲೆ ಕಣ್ಣು ಮುಚ್ಚಿ ಮುಖವನ್ನು ನಿಧಾನವಾಗಿ ತಿರುಗಿಸಿ. ಎರಡೂ ಕಿವಿಯಲ್ಲಿ ಒಂದೇ ಸಮ ಸದ್ದು ಬಂದಾಗ ನಿಮ್ಮ ಮೂಗು ಗಾಳಿಯ ಕಡೆಗೇ ಇರುತ್ತದೆ. ಗಾಳಿ ಎದುರಿಗಿದ್ದರೆ ಒಂದು ಕೋಲು ಜಾಸ್ತಿ ಕೊಡಬೇಕು, ಎಂದರೆ ಇನ್ನೂ ದೂರ ಹೊಡೆಯುವ ಕೋಲು. ಹಿಂದಿನಿಂದ ಇದ್ದರೆ ಒಂದು ಕಡಿಮೆ. ಈ ಊರಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲ ಕಡೆಯಿಂದ. ನಡುವೆ ಗಾಳಿ ಮನಸ್ಸು ಬದಲಾಯಿಸುವ ಒಂದು ಹೊತ್ತು ಬರುತ್ತದೆ. ಆಗ ಬಾವುಟ ಒಂದು ಹೇಳುತ್ತದೆ, ಮರ ಒಂದು ಹೇಳುತ್ತದೆ. ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ನನಗೆ ಗಾಳಿಗಿಂತ ಮೊದಲು ಕೈಕೊಟ್ಟದ್ದು ಭಾಷೆ. ಕ್ಯಾಡಿಗಳ ಮೇಲೆ ಶಿಂದೆ ಮಾಸ್ತರ್ ಎಂಬ ಮರಾಠಿ ಮನುಷ್ಯ ಇದ್ದರು. ಬೈಗುಳವನ್ನೂ ಬುದ್ಧಿಮಾತನ್ನೂ ಒಂದೇ ದನಿಯಲ್ಲಿ ಹೇಳುವವರು. ನಾನು ಸೇರಿದ ಹೊಸದರಲ್ಲಿ, ಕೊಳ ದಾಟಿಸಿ ಹೊಡೆಯಬೇಕಾದ ಜಾಗದಲ್ಲಿ, ದೂರದಿಂದಲೇ ನನಗೆ ಕೂಗಿ ಹೇಳಿದರು: "ಭೀಮಾ, ವಾರಾ ಖಾಲೀ ಆಹೆ." ವಾರಾ ಅಂದರೆ ಗಾಳಿ ಎಂದು ಅಷ್ಟರಲ್ಲಿ ಕಲಿತಿದ್ದೆ. ಖಾಲಿ ಯಾರಿಗೆ ಗೊತ್ತಿಲ್ಲ? ಗಾಳಿ ಖಾಲಿ, ಎಂದರೆ ಗಾಳಿಯೇ ಇಲ್ಲ. ನಾನು ಠೀವಿಯಿಂದ ಆಟಗಾರರಿಗೆ, "ಹವಾ ಬಿಲ್ಕುಲ್ ನಹೀ ಹೈ ಸಾಬ್" ಅಂದೆ. ಅವರು ಹೊಡೆದರು. ಚೆಂಡು ನೇರ ಕೊಳಕ್ಕೆ ಹೋಯಿತು. ಇನ್ನೊಂದು ಹೊಡೆದರು, ಅದೂ ಅದರ ಅಣ್ಣನ ಹಿಂದೆಯೇ ಹೋಯಿತು.

ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಈ ಕೊಳದ ಮೇಲೆ ಮಾತ್ರ ಗಾಳಿ ಕೆಳಗಡೆ ಇದೆ, ಮರದ ತುದಿ ನೋಡಿ ಮೋಸ ಹೋಗಬೇಡ ಎಂದು ಮಾಸ್ತರ್ ಹೇಳಿದ್ದರು. ಅವತ್ತು ಅವರು ನನ್ನ ಮೇಲೆ ಏನೇನು ಹರಿಸಿದರೋ ಅದಕ್ಕೆ ಮಾತ್ರ ಯಾವ ಅರ್ಥವನ್ನೂ ಕೇಳಬೇಕಾಗಿರಲಿಲ್ಲ. ಆ ಮೇಲೆ ಬಹಳ ಕಾಲ ಕ್ಯಾಡಿಗಳೆಲ್ಲ ನನ್ನನ್ನು ಖಾಲಿ ಭೀಮಾ ಅಂತಲೇ ಕರೆದರು.

ಈ ಕೆಲಸದಲ್ಲಿ ಮಾತು ಕಡಿಮೆ. ಅರ್ಧ ದಿನ ಒಬ್ಬರ ಮಗ್ಗುಲಲ್ಲೇ ನಡೆಯುತ್ತೀರಿ, ಅವರ ಬೆವರಿನ ವಾಸನೆ ಸಹ ಗುರುತಾಗುತ್ತದೆ, ಆದರೆ ಕೇಳಿದ್ದಕ್ಕಷ್ಟೇ ಉತ್ತರ. ಅವರು ಮಗಳ ಮದುವೆ ಮಾತಾಡುತ್ತಾರೆ, ಕಾಯಿಲೆ ಮಾತಾಡುತ್ತಾರೆ, ನೀವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ನನ್ನ ಹೆಂಡತಿ ಇರುವ ತನಕ ಅಂತಿದ್ದಳು, "ಮಾತಾಡೂದನ್ನ ಆ ಚೀಲದಾಗೇ ಬಿಟ್ಟು ಬರ್ತೀರೇನು?" ಅವಳು ಹೋದ ಮೇಲೆ ಹಾಗೆ ಕೇಳುವವರೂ ಇರಲಿಲ್ಲ. ಮಗಳು ಸೋಲಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಸುಖವಾಗಿದ್ದಾಳೆ.

ಕುಲಕರ್ಣಿ ಸಾಹೇಬರು ಸಿಕ್ಕದ್ದು ನನ್ನ ಗೊಣಗಾಟದಿಂದ. ಒಂದು ಭಾನುವಾರ ಅವರ ಜೊತೆಗಾರನ ಚೀಲ ನನ್ನ ಪಾಲಿಗೆ ಬಂದಿತ್ತು. ಆತ ನನ್ನನ್ನು ಏನೂ ಕೇಳದೆ ಕೋಲು ಕಿತ್ತುಕೊಂಡ. ನಾನು ಬೇರೆ ಕಡೆ ತಿರುಗಿ, "ಈ ಗಾಳ್ಯಾಗ ಹೊಡದ್ರ ಕೆರಿಗೇ ಬೀಳತೈತಿ, ಬೀಳಲಿ ಬಿಡು" ಎಂದು ಬಾಯೊಳಗೇ ಅಂದುಕೊಂಡೆ. ಚೆಂಡು ಹಾಗೇ ಬಿತ್ತು. ಆಚೆ ನಿಂತಿದ್ದ ಎತ್ತರದ ಮನುಷ್ಯ ನಗು ತಡೆಯಲಾಗದೆ ಟೋಪಿಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಯಾವೂರಪಾ ನಿಂದು?" ಅಂದರು.

ಅವರು ಧಾರವಾಡದವರು. ಯಾವುದೋ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್, ಮನೆ ದಾದರ್. ಹೆಂಡತಿ ಮರಾಠಿಯವರು, ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ತಾಯಿ ತೀರಿಕೊಂಡ ಮೇಲೆ ಅವರಿಗೆ ಕನ್ನಡ ಮಾತಾಡಲು ಈ ಊರಲ್ಲಿ ಯಾರೂ ಉಳಿದಿರಲಿಲ್ಲ. ಮುಂದಿನ ಭಾನುವಾರದಿಂದ ಅವರ ಚೀಲ ನನ್ನದು. ಅವರು ರಿಟೈರ್ ಆದ ಮೇಲೂ ನನ್ನದೇ.

ಕನ್ನಡ ಅಂತ ನಾವೇನು ದೊಡ್ಡ ದೊಡ್ಡ ಮಾತು ಆಡುತ್ತಿದ್ದೆವು ಅಂದುಕೊಳ್ಳಬೇಡಿ. ಚೆಂಡಿನ ಮುಂದೆ ನಿಂತು ಅವರು ಒಂದೇ ಶಬ್ದ ಕೇಳುತ್ತಿದ್ದರು: "ಗಾಳಿ?" ನಾನು ಒಂದೇ ಶಬ್ದ ಹೇಳುತ್ತಿದ್ದೆ. "ಎದುರ." ಅಥವಾ "ಹಿಂದ." ಇಲ್ಲವೇ "ಎಡಕ", "ಬಲಕ". ಗಾಳಿ ಪೂರ್ತಿ ನಿಂತಾಗ ನಮ್ಮೂರಲ್ಲಿ ಸತ್ತೈತಿ ಅಂತೀವಿ. ಮೊದಲ ಸಲ ಹಾಗಂದಾಗ ಅವರು ಕೋಲು ಕೆಳಗಿಟ್ಟರು.

"ಸತ್ತೈತಿ ಅನಬ್ಯಾಡೋ. ಮುಂಜಾನೆದ್ದು ಎಂಥಾ ಮಾತು."

"ಮತ್ತೇನ್ರಿ ಅನ್ಬೇಕು?"

"ಮಲಗೇದ ಅನ್ನು."

"ನಮ್ಮ ಕಡೆ ಮಲಗೈತಿ ಅಂತಾರ್ರಿ."

"ಏನರ ಅನ್ನು, ಆದ್ರ ಮಲಗಸು. ಸಾಯಸಬ್ಯಾಡ."

ಅವತ್ತಿನಿಂದ ನಮ್ಮ ಮೈದಾನದಲ್ಲಿ ಗಾಳಿ ಸತ್ತದ್ದಿಲ್ಲ. ಮಲಗುತ್ತಿತ್ತು.

ಅವರ ಜೊತೆ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಗೋಧಡಿಯದು. ಕಾಂಪೌಂಡಿನ ಆಚೆ ಒಂದು ಹಳೆಯ ಚಾಳ್ ಇತ್ತು. ಅದರ ಮೇಲಿನ ಮಹಡಿಯ ಗ್ಯಾಲರಿಯಲ್ಲಿ ಒಣಗಲು ಹಾಕಿದ ಸೀರೆಗಳು ಸರಿಯಾಗಿ ಚೆಂಡು ಹಾರುವ ಎತ್ತರದಲ್ಲಿದ್ದವು. ಬಾವುಟಕ್ಕಿಂತ ನನಗೆ ಆ ಸೀರೆಗಳ ಮೇಲೇ ನಂಬಿಕೆ. ಒಂದು ಬೆಳಿಗ್ಗೆ ಅಲ್ಲಿ ಏನೂ ಅಲುಗುತ್ತಿರಲಿಲ್ಲ. ಕಣ್ಣು ಆಗಲೇ ಮಂಜಾಗಲು ಶುರುವಾಗಿತ್ತು, ನಾನದನ್ನು ಒಪ್ಪಿರಲಿಲ್ಲ. "ಮಲಗೈತ್ರಿ" ಅಂದೆ. ಸಾಹೇಬರು ಹೊಡೆದ ಚೆಂಡು ಹಿಂದಿನ ಗಾಳಿ ಹಿಡಿದು, ಬಾವುಟದ ಸುತ್ತಲಿನ ಹಸಿರು ದಾಟಿ, ಮಾಲಿಯ ತುಳಸಿ ಕುಂಡ ಒಡೆದು ನಿಂತಿತು. ಹತ್ತಿರ ಹೋಗಿ ನೋಡಿದರೆ ಚಾಳಿನವರು ಅವತ್ತು ಹಾಕಿದ್ದು ಸೀರೆಯಲ್ಲ, ತೊಳೆದ ಗೋಧಡಿಗಳು, ಎಂದರೆ ನಮ್ಮ ಕಡೆಯ ಕೌದಿಗಳು. ನೀರು ಕುಡಿದು ಎಮ್ಮೆಯಂತೆ ಜೋತಿದ್ದವು.

ಸಾಹೇಬರು ಸಿಟ್ಟಾಗಲಿಲ್ಲ. ಮೂರು ನಾಲ್ಕು ಭಾನುವಾರ ಮಾತ್ರ ನನ್ನನ್ನು ಬಿಡಲಿಲ್ಲ. "ಭೀಮಾ, ಇವತ್ತು ಗಾಳಿ ಗೋಧಡಿ ಹೊತ್ಕೊಂಡದೇನು, ಎದ್ದದೇನು, ನೋಡಿ ಹೇಳು."

ಆಮೇಲೆ ಆ ಚಾಳೂ ಹೋಯಿತು. ಅದರ ಜಾಗದಲ್ಲಿ ಗಾಜಿನ ಟವರ್ ಎದ್ದಿತು. ಅಲ್ಲಿ ಯಾರೂ ಸೀರೆ ಒಣಹಾಕುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಗಾಳಿ ಟವರಿಗೆ ಬಡಿದು ಸುತ್ತಿ ಬರತೊಡಗಿತು. ಎಡಕ್ಕಿದ್ದದ್ದು ಚೆಂಡು ಎದ್ದ ಮೇಲೆ ಬಲಕ್ಕೆ. ನನ್ನ ಕಿವಿಯ ವಿದ್ಯೆ ಅರ್ಧಕ್ಕರ್ಧ ಕೆಲಸಕ್ಕೆ ಬಾರದಾಯಿತು. ಹೊಸ ಆಟಗಾರರು ದೂರ ಅಳೆಯುವ ದುರ್ಬೀನು ತಂದರು, ಗಾಳಿಗೆ ಫೋನು ನೋಡಿದರು. ಫೋನು ಎಲ್ಲೋ ದೂರದ ಗಾಳಿ ಹೇಳುತ್ತದೆ ಎಂದು ನಾನು ಕ್ಯಾಡಿಗಳ ಕಟ್ಟೆಯಲ್ಲಿ ಕೂತು ಗೇಲಿ ಮಾಡುತ್ತಿದ್ದೆ. ಆದರೆ ಎಷ್ಟೋ ಸಲ ಫೋನೇ ಸರಿ, ನಾನೇ ತಪ್ಪು. ಒಂದು ದಿನ ಸಾಲಾಗಿ ಎಲ್ಲವೂ ತಪ್ಪಿದಾಗ ನಾನೇ ಹೇಳಿದೆ, "ಸಾಹೇಬ್ರ, ನೀವೂ ಫೋನು ನೋಡ್ರಿ. ನನಗ ಈಗ ತಿಳಿವಲ್ದು."

ಅವರು ಕೈಗವಸು ಬಿಚ್ಚುತ್ತ ಅಂದರು, "ಫೋನು ಇಂಗ್ಲಿಷ್‌ನಾಗ ಹೇಳ್ತದಪಾ. ನೀ ತಪ್ಪು ಹೇಳಿದ್ರೂ ಕನ್ನಡದಾಗ ಹೇಳ್ತಿ."

ನಾನು ಚೀಲ ಎತ್ತಿಕೊಂಡು ಮುಂದೆ ನಡೆದೆ. ಕಣ್ಣು ಒದ್ದೆಯಾಗಿದ್ದು ಅವರಿಗೆ ಕಾಣಬಾರದಿತ್ತು.

ಹೀಗಿರುವಾಗ ಒಂದು ಭಾನುವಾರ ಸಾಹೇಬರು ಬರಲಿಲ್ಲ. ಫೋನು ಮಾಡಿದೆ. ನಾನಿದ್ದದ್ದು ಸ್ಟೇಷನ್ನಿನ ಸೇತುವೆಯ ಮೇಲೆ, ಕೆಳಗೆ ಲೋಕಲ್ ಹೋಗುತ್ತಿತ್ತು. ಫೋನು ಎತ್ತಿದ್ದು ಮನೆಯ ಅಡಿಗೆಯವಳು. "ಸಾಹೇಬಾಂಚ್ಯಾ ಅಂಗಾವರನಂ ವಾರಂ ಗೇಲಂ" ಅಂದಳು. ಸಾಹೇಬರ ಮೈಮೇಲೆ ಗಾಳಿ ಹಾದುಹೋಗಿದೆ. ನಾನು ಗಾಳಿಯಲ್ಲೇ ಬದುಕಿದವನು, ನನಗೆ ತಿಳಿಯುವುದಿಲ್ಲವೇ? ನಮ್ಮ ಕಡೆಯೂ ಅಂತೀವಲ್ಲ, ಮೈಗೆ ಗಾಳಿ ತಗುಲಿತು, ನೆಗಡಿಯಾಯಿತು ಅಂತ. ಮೊದಲ ಮಳೆಯಲ್ಲಿ ನೆನೆದಿರಬೇಕು. "ಕಾಢಾ ಮಾಡಿ ಕೊಡಿ, ಶುಂಠಿ ಜಾಸ್ತಿ ಹಾಕಿ" ಎಂದು ನನ್ನ ಮುರುಕು ಮರಾಠಿಯಲ್ಲಿ ಕಷಾಯದ ಮದ್ದು ಹೇಳಿ ನಕ್ಕೆ. ಆ ಕಡೆ ಫೋನು ಕಟ್ ಆಯಿತು.

ಮುಂದಿನ ಭಾನುವಾರವೂ ಬರಲಿಲ್ಲ. ಅದರ ಮುಂದಿನದ್ದೂ ಇಲ್ಲ. ಅವರ ಫೋನು ಬಂದ್. ನಾನು ಬೇರೆಯವರ ಚೀಲ ಒಲ್ಲೆ ಎಂದು ಗೇಟಿನ ಹತ್ತಿರ ಕಾದೆ. ಕಟ್ಟೆಯಲ್ಲಿ ಯಾರೋ, ನಿನ್ನ ಸಾಹೇಬರು ಬೇರೆ ಕ್ಲಬ್ ಸೇರಿದ್ದಾರಂತೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಒಂದು ಮಾತು ಹೇಳಿ ಹೋಗಬಾರದೇ? ಇಷ್ಟು ವರ್ಷ ಇವರ ಹಿಂದೆ ನಡೆದದ್ದು ನೆರಳೇ, ಮನುಷ್ಯನಲ್ಲವೇ? ಅವರ ಮನೆ ಗೊತ್ತಿತ್ತು. ಹೋಗಲಿಲ್ಲ. ಅವರಾಗಿ ಬರಲಿ ಎಂದು ಹಟ ಹಿಡಿದೆ. ಮಳೆಗಾಲದ ಅರ್ಧ ಹೀಗೇ ಕಳೆಯಿತು. ಭಾನುವಾರ ಕನ್ನಡ ಕೇಳದ ಕಿವಿ ಇಡೀ ವಾರ ಗುಂಯ್ ಅನ್ನುತ್ತಿತ್ತು. ಇಷ್ಟು ಒಂಟಿತನ ಹೆಂಡತಿ ಸತ್ತಾಗಲೂ ಅನಿಸಿರಲಿಲ್ಲ. ಆಗ ಹೋಗಿ ನಿಲ್ಲಲು ಮೈದಾನವಿತ್ತು.

ಕೊನೆಗೆ ಒಂದು ಸಂಜೆ ಪಕ್ಕದ ಮನೆಯ ಕಾಕುವಿನ ಮುಂದೆ ಸಿಟ್ಟು ಕಾರಿಕೊಂಡೆ. ದೊಡ್ಡವರ ಸ್ನೇಹ ಇಷ್ಟೇ ಎಂದೆ. ಮೈಮೇಲೆ ಬರೀ ಗಾಳಿ ಹೋದದ್ದಕ್ಕೆ ಯಾರಾದರೂ ಇಷ್ಟು ದಿನ ಮಲಗುತ್ತಾರೆಯೇ ಎಂದು ಅಡಿಗೆಯವಳ ಮಾತನ್ನು ಹಾಗೇ ಹೇಳಿದೆ. ಕಾಕು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಭೀಮಾಭಾವು, ವಾರಂ ಗೇಲಂ ಮತಲಬ್ ಲಕ್ವಾ. ಆದ್ಮಿ ಕಾ ಆಧಾ ಅಂಗ್ ಚಲಾ ಜಾತಾ ಹೈ."

ಲಕ್ವಾ. ಕನ್ನಡ ಪೇಪರಿನಲ್ಲಿ ಅದಕ್ಕೆ ಪಾರ್ಶ್ವವಾಯು ಅಂತ ಬರೆಯುತ್ತಾರೆ. ಎಷ್ಟು ಸಲ ಓದಿದ್ದೆ, ಎಂದೂ ಬಿಡಿಸಿ ನೋಡಿರಲಿಲ್ಲ. ಪಾರ್ಶ್ವ ಅಂದರೆ ಪಕ್ಕ, ವಾಯು ಅಂದರೆ ಗಾಳಿ. ಪಕ್ಕದ ಗಾಳಿ ಹೊಡೆದು ನನ್ನ ಸಾಹೇಬರು ಬಿದ್ದಿದ್ದರು. ನಾನು ಶುಂಠಿ ಜಾಸ್ತಿ ಹಾಕಿ ಎಂದು ನಕ್ಕಿದ್ದೆ.

ಮರುದಿನ ದಾದರಿಗೆ ಹೋದೆ. ಬಾಗಿಲು ತೆರೆದ ಬಾಯಿಯವರು, ಸಾಹೇಬರ ಹೆಂಡತಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆತಾ ಆಲಾತ್?" ಅಂದರು. ಈಗ ಬಂದಿರಾ ಎಂಬ ಆ ಮಾತಿಗೆ ತಲೆ ತಗ್ಗಿಸಿ ಚಪ್ಪಲಿ ಬಿಟ್ಟೆ. ಒಳಗಿನ ಕೋಣೆಯಲ್ಲಿ ಎಲ್ಲ ಕಿಟಕಿ ಮುಚ್ಚಿ ಏಸಿ ಹಾಕಿದ್ದರು. ಹೊರಗಿನ ಗಾಳಿ ಇನ್ನೊಮ್ಮೆ ತಾಗಬಾರದೆಂದು ಯಾರೋ ಹಿರಿಯರು ಹೇಳಿದ್ದರಂತೆ. ಸಾಹೇಬರು ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಬಲಗೆನ್ನೆ ಇಳಿದಿತ್ತು. ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಎಷ್ಟು ಭಾನುವಾರ ಅವರೂ ಕಾದಿರಬೇಕು. ನಾನು ಕುರ್ಚಿಯ ಬದಿಯಲ್ಲಿ ನೆಲಕ್ಕೆ ಕೂತೆ.

"ಸಾಹೇಬ್ರ, ನಾ ಭೀಮಾ. ವಾರಂ ಗೇಲಂ ಅಂದ್ರ ನೆಗಡಿ ಅಂತ ತಿಳದಿದ್ದೆ ನೋಡ್ರಿ. ಕಾಢಾ ಕೊಡ್ರಿ ಅಂತ ಹೇಳಿದೆ. ಶುಂಠಿ ಜಾಸ್ತಿ ಹಾಕ್ರಿ ಅಂದೆ. ನಾ ಇನ್ನೂ ಆ ಖಾಲಿ ಭೀಮಾನೇ ಅದೀನ್ರಿ."

ಅವರ ಭುಜ ಅಲುಗಿತು. ಅಳುತ್ತಾರೆ ಅಂದುಕೊಂಡೆ. ಮುಖ ತಿರುಗಿಸಿದಾಗ ನೋಡಿದರೆ ನಗುತ್ತಿದ್ದರು, ಬಾಯಿಯ ಒಂದೇ ಕಡೆಯಿಂದ. ಎಡಗೈಯಿಂದ ನನ್ನ ತಲೆಗೆ ಒಂದು ಮೊಟಕಿದರು. ಆ ಮೇಲೆ ತೊದಲುತ್ತ ಹೇಳಿದರು, "ಗಾ... ಲಿ."

ಬಾಯಿಯವರು ಸೆರಗಿನಿಂದ ಮುಖ ಮುಚ್ಚಿಕೊಂಡರು. "ದಿವಸಭರ್ ಹೇಚ್. ಇತಕೀ ವರ್ಷಂ ಸಂಸಾರ ಕೇಲಾ, ಆತಾ ಮಲಾ ಗಾಲೀ ದೇತಾತ್." ದಿನವಿಡೀ ಇದೇ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈಗ ನನಗೆ ಗಾಲೀ ಕೊಡುತ್ತಾರೆ ಅಂದರು.

ಮಗಳು ನೇಹಾ, ಮೂವತ್ತರ ಮೇಲಿನವಳು, ನನಗೆ ಹಿಂದಿಯಲ್ಲಿ ತಿಳಿಸಿ ಹೇಳಲು ಬಂದಳು. "ಅಂಕಲ್, ಪಪ್ಪಾ ಮರಾಠಿ ಭೂಲ್ ಗಯೇ, ಇಂಗ್ಲಿಷ್ ಭೀ. ಬಸ್ ಗಾಲೀ, ಗಾಲೀ ಬೋಲ್ತೇ ಹೈ. ಆಯೀ ಕೋ ಬಹುತ್ ಬುರಾ ಲಗ್ತಾ ಹೈ. ಹಮ್ಸೇ ಕ್ಯಾ ಗಲತೀ ಹುಯೀ, ಪತಾ ನಹೀ." ಮರಾಠಿ, ಇಂಗ್ಲಿಷ್ ಎರಡೂ ಮರೆತ ಅಪ್ಪನ ಬಾಯಲ್ಲಿ ಉಳಿದದ್ದು ಅದೊಂದೇ ಶಬ್ದವಂತೆ.

ಹಿಂದಿಯಲ್ಲಿ ಗಾಲೀ ಅಂದರೆ ಬೈಗುಳ. ಸೋತ ನಾಲಿಗೆಗೆ ಳಕಾರ ಏಳುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಬೈಯುತ್ತಿದ್ದಾರೆ ಎಂದು ಆ ಮನೆ ಅರ್ಧ ಮಳೆಗಾಲ ಅತ್ತಿತ್ತು. ಆ ಮನುಷ್ಯ ಮುಚ್ಚಿದ ಕಿಟಕಿಯ ಮುಂದೆ ಕೂತು ಒಂದೇ ಒಂದು ಪದಾರ್ಥ ಕೇಳುತ್ತಿದ್ದರು.

"ಬೈಯಾಕ್ಹತ್ತಿಲ್ಲವ್ವಾ" ಅಂದೆ. "ಗಾಲೀ ಅಲ್ಲ, ಗಾಳಿ. ಗಾಳಿ ಅಂದ್ರ ಹವಾ. ವಾರಾ. ಅವರು ಹವಾ ಕೇಳಾಕ್ಹತ್ಯಾರ."

ಬಾಯಿಯವರೇ ಎದ್ದು ಹೋಗಿ ಕಿಟಕಿ ತೆರೆದರು. ಕಡಲ ಕಡೆಯ ಗಾಳಿ, ಮಳೆಯ ವಾಸನೆ, ಕೆಳಗಿನ ರಸ್ತೆಯ ಗದ್ದಲ ಎಲ್ಲ ಒಟ್ಟಿಗೆ ಒಳಗೆ ಬಂದವು. ಸಾಹೇಬರು ಕಣ್ಣು ಮುಚ್ಚಿ ಮುಖವನ್ನು ಆಚೆ ಈಚೆ ತಿರುಗಿಸಿದರು. ಬಲಗೆನ್ನೆಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಕಡೆ ನೋಡಿ ಮತ್ತೆ ಕೇಳಿದರು.

"ಗಾಲಿ?"

"ಎದುರ ಐತ್ರಿ."

ತುಟಿ ಬಹಳ ಕಷ್ಟಪಟ್ಟಿತು. "ಒಂದು... ಕೋಲು... ಜಾಸ್ತಿ" ಅಂದರು. ಬಾಯಿಯವರು ಕಿಟಕಿಯ ಸರಳು ಹಿಡಿದುಕೊಂಡು ಅತ್ತರು. ಆ ಅಳು ಬೇರೆ ಥರದ್ದು.

ಆ ಮೇಲೆ ನಾನು ಚೀಲ ಹೊರಲಿಲ್ಲ. ಮೊಣಕಾಲು ನೆಪ, ಕ್ಲಬ್ಬಿಗೆ ಚೀಲ ಒಯ್ಯುವ ಗಾಡಿಗಳೂ ಬಂದಿದ್ದವು. ಭಾನುವಾರ ಮಾತ್ರ ತಪ್ಪದೆ ಸ್ಲೋ ಲೋಕಲ್ ಹಿಡಿದು ದಾದರಿಗೆ ಹೋಗುತ್ತಿದ್ದೆ. ಕಿಟಕಿಯ ಹತ್ತಿರ ಇಬ್ಬರೂ ಕೂರುತ್ತಿದ್ದೆವು. ಅವರು ಕೇಳುವುದು, ನಾನು ಹೇಳುವುದು. ಎದುರಿನ ಬಿಲ್ಡಿಂಗಿನಲ್ಲಿ ಇನ್ನೂ ಸೀರೆ ಒಣಹಾಕುತ್ತಿದ್ದರು, ಪುಣ್ಯಕ್ಕೆ. ನೇಹಾ ಚಹಾ ತಂದು ಅಲ್ಲೇ ಕೂರುತ್ತಿದ್ದಳು. "ಎಡಕ ಮತಲಬ್ ಲೆಫ್ಟ್, ನಾ?" ಎಂದು ಕೇಳಿ ಬಾಯೊಳಗೇ ಹೇಳಿಕೊಳ್ಳುವಳು. ಳಕಾರ ಅವಳಿಗೆ ಬರುತ್ತಿರಲಿಲ್ಲ. ನಾಲಿಗೆ ಮಡಚಿ ತಾಳುವಿಗೆ ಹಚ್ಚು ಎಂದು ನಾನು ಬಾಯಿ ತೆರೆದು ತೋರಿಸಿದರೆ ಸಾಹೇಬರಿಗೆ ನಗು. ಗಾಳಿ ಬೀಳುವ ಮಧ್ಯಾಹ್ನಗಳಲ್ಲಿ ಸೀರೆಗಳು ಅಲುಗದೆ ನಿಂತಾಗ, "ಇದಕ್ಕ ಏನ್ ಅಂತಾರ?" ಎಂದು ಒಮ್ಮೆ ಕೇಳಿದಳು. ಹೇಳಿದೆ. ಸತ್ತೈತಿ ಅನ್ನಬಾರದೆಂದು ಅವಳಪ್ಪ ಕಲಿಸಿದ ಕಥೆಯನ್ನೂ ಹೇಳಿದೆ.

ಹೊಸದಾಗಿ ಚೀಲ ಎತ್ತುವವರಿಗೆ ನಾನು ಹೇಳುವುದು ಇಷ್ಟೇ. ಗಾಳಿ ತಪ್ಪಿದರೆ ಒಂದು ಚೆಂಡು ಹೋಗುತ್ತದೆ, ಹೋಗಲಿ. ಯಾರಾದರೂ ಒಂದು ಮಾತು ಹೇಳಿದರೆ, ನಿಮಗೆ ತಿಳಿಯಿತು ಅನ್ನಿಸಿದರೂ, ಇನ್ನೊಮ್ಮೆ ಕೇಳಿ.

ಚಳಿ ಬೀಳುವ ಮೊದಲು, ವಾರದ ನಡುವಿನ ಒಂದು ಬೆಳಿಗ್ಗೆ, ನಾನು ಗ್ಯಾಲರಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ಫೋನು ಬಂತು. ನೇಹಾ. "ಅಂಕಲ್" ಅಂದಳು. ಮರಾಠಿಯಲ್ಲಿ ಹೇಳಿದರೆ ನಾನು ತಪ್ಪು ತಿಳಿಯುತ್ತೇನೆ ಎಂದು ಕನ್ನಡದ ಶಬ್ದ ಹುಡುಕುತ್ತಿದ್ದಳು. ಹಿಂದೆ ಬಾಯಿಯವರ ಅಳು ಕೇಳುತ್ತಿತ್ತು. ಆಮೇಲೆ ಒಂದೊಂದೇ ಶಬ್ದ ಬಿಡಿಸಿ, ನನ್ನ ಬಾಯಿಯ ಕನ್ನಡದಲ್ಲೇ ಹೇಳಿದಳು.

"ಗಾಳಿ... ಮಲಗೈತಿ."

ಳಕಾರ ಸರಿಯಾಗಿ ಹೇಳಿದ್ದಳು. ನಾನು ಇನ್ನೊಮ್ಮೆ ಕೇಳಲಿಲ್ಲ. "ಬರ್ತೀನವ್ವಾ" ಅಂದೆ.